ಸೀಟು ನೋಡಿ ಕೆಲಸ

ಊರೂರು ಓಡಾಡುತ್ತ ಲ್ಯಾಪ್‌ಟಾಪಿನಲ್ಲಿ ದುಡಿಯುವವರನ್ನು ‘ಬೆನ್ನು ನೋಯದ ಹಾಗೆ ಏನು ಮಾಡ್ತೀರಿ?’ ಅಂತ ಕೇಳಿ ನೋಡಿ. ತಕ್ಷಣ ಸಾಮಾನಿನ ಪಟ್ಟಿ ಬರುತ್ತದೆ. ಕುತ್ತಿಗೆಗೆ ದಿಂಬು, ಮಡಚುವ ಸ್ಟ್ಯಾಂಡು, ಸೊಂಟದ ಹಿಂದಕ್ಕೆ ಮೆತ್ತೆ, ಕೂರುವುದಕ್ಕೆ ಜೆಲ್ ಕುಶನ್ನು, ಕಾಲಿಡಲು ಮುಂದಿನ ಸೀಟಿಗೆ ಕಟ್ಟುವ ಜೋಲಿ. ಎಲ್ಲವನ್ನೂ ಕೊಂಡರೆ ಹೊರುವುದಕ್ಕೆ ಇನ್ನೊಂದು ಆಳು ಬೇಕು. ಆಫೀಸಿನ ಕುರ್ಚಿಯನ್ನು ಬಿಡಿಬಿಡಿಯಾಗಿ ಬ್ಯಾಗಿಗೆ ತುಂಬಿಕೊಂಡು ಹೊರಡುವುದೇ ಈ ಸಲಹೆಗಳ ಒಟ್ಟು ತಾತ್ಪರ್ಯ.

ನನ್ನ ದಾರಿ ಬೇರೆ. ಸಿಕ್ಕ ಸೀಟು ಯಾವ ಕೆಲಸಕ್ಕೆ ಒಗ್ಗುತ್ತದೋ ಅದನ್ನಷ್ಟೇ ಅಲ್ಲಿ ತೆಗೆಯುತ್ತೇನೆ. ಬಸ್ಸಿಗೆ ಬಸ್ಸಿನ ಕೆಲಸ, ರೈಲಿಗೆ ರೈಲಿನದು, ಲಾಡ್ಜಿಗೆ ಲಾಡ್ಜಿನದು. ಉಳಿದದ್ದು ಕಾಯಲಿ.

ನನ್ನದು ಅನುವಾದದ ಕೆಲಸ. ಬ್ಯಾಂಕಿನ ಆ್ಯಪ್‌ಗಳ ಮೆನು, ಮಿಕ್ಸಿ-ಫ್ರಿಜ್ಜುಗಳ ಜೊತೆ ಬರುವ ಕೈಪಿಡಿ, ಸಾಕ್ಷ್ಯಚಿತ್ರಗಳ ಸಬ್‌ಟೈಟಲ್ಲು, ಒಮ್ಮೊಮ್ಮೆ ಯಾರದ್ದೋ ವಾರ್ಷಿಕ ವರದಿ. ಮನೆ ಬೆಂಗಳೂರಿನಲ್ಲಿ, ಅಮ್ಮ ಇರುವುದು ಸಾಗರದ ಹತ್ತಿರದ ಹಳ್ಳಿಯಲ್ಲಿ, ಮಣಿಪಾಲದ ಕಡೆ ಆಗಾಗ ಹೋಗಿ ಕೂತು ಮಾಡಿಕೊಡಬೇಕಾದ ಕೆಲಸ ಇರುತ್ತದೆ. ಹಾಗಾಗಿ ಈ ತ್ರಿಕೋನದೊಳಗೆ ನನ್ನ ಓಡಾಟ. ವಿಮಾನ ಹತ್ತುವುದು ಅಪರೂಪ, ಆದ್ದರಿಂದ ಅದರ ಮಾತು ಇಲ್ಲಿ ಬರುವುದಿಲ್ಲ.

ಓಡುವ ಗಾಡಿಯಲ್ಲಿ ಕೆಲಸ ಮಾಡುವುದು ಹೇಗೆಂದು ನಮಗೆಲ್ಲ ಪಾಠ ಹೇಳಬೇಕಾದವರು ಬಸ್ ಕಂಡಕ್ಟರುಗಳು. ಕೆಂಪು ಬಸ್ಸಿನಲ್ಲಿ ಕೂತಾಗ ಅವರನ್ನು ಗಮನಿಸಿ. ಟಿಕೆಟ್ ಕೊಡುವಾಗ ಎರಡೂ ಪಾದ ಜೋಡಿಸಿ ನಿಲ್ಲುವುದಿಲ್ಲ. ಒಂದು ಮುಂದೆ, ಒಂದು ಹಿಂದೆ, ನಡುವೆ ಒಳ್ಳೆ ಅಂತರ. ಸೊಂಟದ ಒಂದು ಬದಿ ಸೀಟಿನ ಅಂಚಿನ ಕಂಬಿಗೆ ಆನಿಕೊಂಡಿರುತ್ತದೆ. ಮೈಯ ಭಾರವನ್ನು ಆ ಕಂಬಿ ಹೊತ್ತಿರುವುದರಿಂದಲೇ ಎರಡು ಕೈಯೂ ಬಿಡುವಾಗಿರುವುದು. ಟಿಕೆಟ್ ಮಷಿನ್ನನ್ನು ಹೊಟ್ಟೆಯ ಮಟ್ಟದಲ್ಲಿಟ್ಟುಕೊಂಡು ಕತ್ತು ಬಗ್ಗಿಸುವುದಿಲ್ಲ. ಎದೆಯ ಮಟ್ಟಕ್ಕೆ ಎತ್ತುತ್ತಾರೆ, ಮೊಣಕೈ ಪಕ್ಕೆಗೆ ತಾಗಿರುತ್ತದೆ, ಕಣ್ಣು ಮಾತ್ರ ಕೆಳಗಿಳಿಯುತ್ತದೆ. ಬ್ರೇಕ್ ಬಿದ್ದರೆ ಗಾಬರಿಯಿಂದ ಏನನ್ನೂ ಹಿಡಿಯುವುದಿಲ್ಲ; ಮಂಡಿ ಒಂಚೂರು ಬಾಗಿ ಆ ಹೊಡೆತವನ್ನು ನುಂಗಿಕೊಳ್ಳುತ್ತದೆ. ಲಕ್ಷ ರೂಪಾಯಿಯ ಕುರ್ಚಿ ಮಾರುವವರು ಹೇಳುವ ಸೂತ್ರಗಳೆಲ್ಲ ಇದರೊಳಗಿವೆ.

ಅದಕ್ಕಿಂತ ನನಗೆ ಇಷ್ಟವಾಗುವುದು ಅವರು ಕೆಲಸ ಹಂಚಿಕೊಳ್ಳುವ ರೀತಿ. ಟಿಕೆಟ್ ಹರಿಯುವುದು ನೇರ ರಸ್ತೆಯಲ್ಲಿ. ಚಿಲ್ಲರೆ ಎಣಿಸಿ ಕೊಡುವುದು ರಗಳೆ ಅನ್ನಿಸಿದರೆ ಟಿಕೆಟ್ಟಿನ ಹಿಂದೆ ಬರೆದು ‘ಇಳಿಯುವಾಗ ತಗೊಳ್ಳಿ’ ಅಂತ ಮುಂದೆ ಹೋಗುತ್ತಾರೆ. ಟಿಕೆಟ್ಟಿನ ಲೆಕ್ಕದ ಹಾಳೆ, ಅಂದರೆ ವೇಬಿಲ್, ಬರೆಯುವುದು ಬಸ್ಸು ಸ್ಟ್ಯಾಂಡಿನಲ್ಲಿ ನಿಂತಾಗ. ಘಾಟಿ ಶುರುವಾಗುವ ಹೊತ್ತಿಗೆ ತಮ್ಮ ಸೀಟಿಗೆ ಬಂದು ಕೂತಿರುತ್ತಾರೆ. ರಸ್ತೆ ನೋಡಿ ಕೆಲಸ. ಹಾಗಂತ ಅವರಿಗೆ ನೋವಿಲ್ಲವೆಂದಲ್ಲ. ದಿನಗಟ್ಟಲೆ ನಿಂತು ಕಾಲಿನ ರಕ್ತನಾಳ ಉಬ್ಬಿದವರು, ಮಂಡಿ ಸವೆದವರು ಆ ವೃತ್ತಿಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಉಪಾಯಗಳಿಗೂ ಒಂದು ಮಿತಿ ಇದೆ.

ನಮ್ಮ ಕಷ್ಟದ ಮೂಲ ಲ್ಯಾಪ್‌ಟಾಪಿನ ಪರದೆಯನ್ನೂ ಕೀಲಿಮಣೆಯನ್ನೂ ಜೋಡಿಸುವ ಕೀಲಿನಲ್ಲಿದೆ. ಪರದೆ ಕಣ್ಣಿಗೆ ಸರಿಯಾದ ಎತ್ತರಕ್ಕೆ ಬಂದರೆ ಕೀಲಿಮಣೆ ಎದೆಗೆ ಬರುತ್ತದೆ, ಭುಜ ಮೇಲೇರುತ್ತದೆ. ಕೀಲಿಮಣೆ ಕೈಗೆ ಸರಿಹೋದರೆ ಪರದೆ ತೊಡೆಯ ಹತ್ತಿರ, ಕತ್ತು ಬಗ್ಗಲೇಬೇಕು. ಕತ್ತೋ ಕೈಯೋ, ಎರಡರಲ್ಲಿ ಒಂದು ದಂಡ ತೆರುತ್ತದೆ. ಮೊದಮೊದಲು ಹೀಗಿರಲಿಲ್ಲ ಅನ್ನುವುದು ತಮಾಷೆ. 1981ರಲ್ಲಿ ಮಾರಾಟಕ್ಕೆ ಬಂದ ಆಸ್ಬೋರ್ನ್ 1, ಕೈಯಲ್ಲಿ ಹಿಡಿದು ಒಯ್ಯುವ ಕಂಪ್ಯೂಟರುಗಳಲ್ಲಿ ಮೊದಲು ಹೆಸರು ಮಾಡಿದ್ದು. ತೂಕ ಹೆಚ್ಚುಕಡಿಮೆ 11 ಕಿಲೊ, ಪರದೆ 5 ಇಂಚು. ಆದರೆ ಅದರ ಮುಚ್ಚಳವೇ ಕೀಲಿಮಣೆ. ತೆಗೆದು ವೈರಿನ ಉದ್ದಕ್ಕೆ ನಮಗೆ ಬೇಕಾದಲ್ಲಿ ಇಟ್ಟುಕೊಳ್ಳಬಹುದಿತ್ತು. ಮರುವರ್ಷ, 1982ರಲ್ಲಿ, ಬಿಲ್ ಮಾಗ್ರಿಜ್ ವಿನ್ಯಾಸ ಮಾಡಿದ ಗ್ರಿಡ್ ಕಂಪಸ್ ಬಂತು. ಪರದೆಯನ್ನು ಕೀಲಿಮಣೆಯ ಮೇಲೆ ಮಡಚಿ ಮುಚ್ಚುವ ಈಗಿನ ರೂಪ ಅಲ್ಲಿಂದ ಶುರು. ನಾಸಾದವರು ಅದನ್ನು ಬಾಹ್ಯಾಕಾಶ ನೌಕೆಯಲ್ಲೂ ಒಯ್ದರು. ಅಲ್ಲಿ ತೇಲಾಡುವವರ ತಲೆಗೆ ಭಾರವಿಲ್ಲ, ಹೇಗೆ ಬಗ್ಗಿದರೂ ನಡೆಯುತ್ತದೆ. ಭೂಮಿಯ ಮೇಲೆ ನಮ್ಮ ತಲೆ ನಾಲ್ಕೂವರೆ-ಐದು ಕಿಲೊ ತೂಗುತ್ತದೆ.

ಆ ಭಾರ ಬಗ್ಗಿದಷ್ಟೂ ಹೆಚ್ಚುತ್ತದೆ. ನ್ಯೂಯಾರ್ಕಿನ ಬೆನ್ನುಮೂಳೆ ವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು: ತಲೆ 60 ಡಿಗ್ರಿ ಮುಂದೆ ಬಾಗಿದರೆ ಕತ್ತಿನ ಮೇಲೆ ಬೀಳುವ ಬಲ ಸುಮಾರು 27 ಕಿಲೊ. ಇದು ಕಂಪ್ಯೂಟರ್ ಮಾದರಿಯ ಲೆಕ್ಕ, ಜೀವಂತ ಮನುಷ್ಯರ ಕತ್ತಿಗೆ ಮಾಪಕ ಕಟ್ಟಿ ಅಳೆದದ್ದಲ್ಲ. ಆ 27ನ್ನು ದೇವರ ವಾಕ್ಯ ಮಾಡಿಕೊಂಡು ಹೆದರಿಸುವ ವಿಡಿಯೊಗಳು ನನಗೆ ಹಿಡಿಸುವುದಿಲ್ಲ. ಬಗ್ಗಿದರೆ ಭಾರ ಏರುತ್ತದೆ ಎಂಬ ಮಾತು ಮಾತ್ರ ಸರಿ. ಶಿವಮೊಗ್ಗದಲ್ಲಿ ರೈಲಿಳಿದು ತಲೆಯೆತ್ತಿ ಬೋರ್ಡು ಓದಲು ಹೋದರೆ ಕತ್ತೇ ಅದನ್ನು ಹೇಳುತ್ತದೆ.

ಯುರೋಪಿನವರು 1990ರಲ್ಲೇ ಕಾನೂನು ಮಾಡಿಟ್ಟಿದ್ದಾರೆ, ಪರದೆ ಬೇರೆ ಕೀಲಿಮಣೆ ಬೇರೆ ಇರಬೇಕು ಅಂತ. ಕೆಲಸದ ಜಾಗದಲ್ಲಿ ಬಹಳ ಹೊತ್ತು ಬಳಸದಿದ್ದರೆ ಒಯ್ಯುವಂಥ ಕಂಪ್ಯೂಟರಿಗೆ ಆ ನಿಯಮದಿಂದ ವಿನಾಯಿತಿ ಉಂಟು. ಆಗ ಅದು ನ್ಯಾಯವಾಗಿಯೇ ಇತ್ತು, ಯಾರೂ ದಿನವಿಡೀ ಅದರಲ್ಲಿ ಕೂರುತ್ತಿರಲಿಲ್ಲ. ಈಗ ನಮ್ಮಲ್ಲಿ ಎಷ್ಟೋ ಜನಕ್ಕೆ ಅದೊಂದೇ ಕಂಪ್ಯೂಟರು.

ಇನ್ನು ಬಸ್ಸಿನ ಮಾತು. ಐರಾವತದಂಥ ಬಸ್ಸಿನ ಸೀಟನ್ನು ಎಲ್ಲರೂ ಹೊಗಳುತ್ತಾರೆ. ಕಾಲು ಚಾಚಲು ಜಾಗ ಸಾಲದು ಅಂತ ಗೊಣಗುವುದು ಉದ್ದನೆಯ ಗಂಡಸರು. ನಾನು ಐದಡಿ ಇದ್ದೇನೆ, ನನ್ನ ತಕರಾರು ಯಾವ ವಿಮರ್ಶೆಯಲ್ಲೂ ಬರುವುದಿಲ್ಲ. ಬೆನ್ನು ಪೂರ್ತಿ ಹಿಂದಕ್ಕಿಟ್ಟು ಕೂತರೆ ನನ್ನ ಪಾದ ನೆಲ ಮುಟ್ಟುವುದಿಲ್ಲ. ಸೀಟಿನ ಮುಂದಿನ ಅಂಚು ತೊಡೆಯ ಅಡಿ ಒತ್ತುತ್ತದೆ, ಅರ್ಧ ಗಂಟೆಗೆ ಕಾಲು ಜೋಮು ಹಿಡಿಯುತ್ತದೆ. ಪಾದ ಊರಲು ಮುಂದೆ ಜಾರಿ ಕೂತರೆ ಸೊಂಟದ ಹಿಂದೆ ಟೊಳ್ಳು. ತಲೆ ಆನಿಸುವ ಉಬ್ಬು ನನಗೆ ಸರಿಯಾಗಿ ತಲೆಯ ಹಿಂಬದಿಗೆ ಬಂದು ಗಲ್ಲವನ್ನು ಎದೆಯ ಕಡೆ ತಳ್ಳುತ್ತದೆ. ನಮ್ಮಲ್ಲಿ ಹೆಚ್ಚಿನ ಹೆಂಗಸರ ಎತ್ತರ ಇದೇ ಆಸುಪಾಸಿನದು, ಆದರೂ ಸೀಟು ಮಾಡುವವರ ಕಣ್ಣಮುಂದೆ ಇರುವ ಮನುಷ್ಯ ಬೇರೆ ಯಾರೋ.

ಇದಕ್ಕೆ ಖರ್ಚಿಲ್ಲದ ಮದ್ದು ಇದೆ. ಬಟ್ಟೆಯ ಬ್ಯಾಗನ್ನು ಮೇಲಿನ ಹಲಗೆಗೆ ಹಾಕದೆ ಕಾಲ ಕೆಳಗೆ ಅಡ್ಡ ಇಟ್ಟು ಪಾದ ಊರುವುದು. ಟುವಾಲನ್ನು ಸುರುಳಿ ಸುತ್ತಿ ಸೊಂಟದ ಕುಳಿಯಲ್ಲಿ ಇಡುವುದು. ಶಾಲು ಮಡಚಿ ಭುಜದ ಹಿಂದೆ ಇಟ್ಟರೆ ತಲೆಯ ಉಬ್ಬಿನ ಕಾಟ ಕಡಿಮೆ. ಯು ಆಕಾರದ ದಿಂಬು ತಂದವರಿಗೆ ಒಂದು ಮಾತು: ದಪ್ಪ ಭಾಗ ಕುತ್ತಿಗೆಯ ಹಿಂದೆ ಬಂದರೆ ತಲೆ ಇನ್ನಷ್ಟು ಮುಂದಕ್ಕೆ ಹೋಗುತ್ತದೆ. ತಿರುಗಿಸಿ ಗಲ್ಲದ ಅಡಿಗೆ ಬರುವಂತೆ ಹಾಕಿಕೊಂಡು ನೋಡಿ, ತೂಕಡಿಸುವಾಗ ತಲೆ ಬೀಳುವುದಿಲ್ಲ. ನೋಡುವವರು ನಕ್ಕರೆ ನಗಲಿ. ಸೀಟು ಆರಿಸುವ ಅವಕಾಶ ಇದ್ದರೆ ಬಸ್ಸಿನ ನಡುಭಾಗ ಒಳ್ಳೆಯದು, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಮಧ್ಯೆ. ಹಿಂದಿನ ಚಕ್ರದಿಂದಾಚೆ ಕೂತವರಿಗೆ ಪ್ರತಿ ಹಂಪೂ ಬೆನ್ನಿಗೇ ಬಂದು ಬಡಿಯುತ್ತದೆ.

ಬಸ್ಸಿನ ಸೀಟು ಹಿಂದಕ್ಕೆ ಬಾಗುತ್ತದಲ್ಲ, ಆ ಭಂಗಿ ಬೆನ್ನಿಗೆ ಒಳ್ಳೆಯದು. ‘ನೆಟ್ಟಗೆ ಕೂತ್ಕೊ’ ಅಂತ ಅಮ್ಮ ಬೈಯುತ್ತಿದ್ದ ಕಾಲದಲ್ಲಿ ಬೆಳೆದವರಿಗೆ ನಂಬುವುದು ಕಷ್ಟ. 2006ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ 22 ಜನರನ್ನು ಬೇರೆಬೇರೆ ಭಂಗಿಯಲ್ಲಿ ಕೂರಿಸಿ ಎಂಆರ್‌ಐ ತೆಗೆದಾಗ, ಬೆನ್ನಿನ ಡಿಸ್ಕುಗಳು ಕಡಿಮೆ ಜರುಗಿದ್ದು ತೊಡೆಗೂ ಬೆನ್ನಿಗೂ ಸುಮಾರು 135 ಡಿಗ್ರಿ ಇರುವಂತೆ ಹಿಂದಕ್ಕೆ ಒರಗಿದಾಗ. 90 ಡಿಗ್ರಿಯ ಸೆಟೆದ ಭಂಗಿ ಅಷ್ಟು ಒಳ್ಳೆಯದಾಗಿ ಕಾಣಲಿಲ್ಲ. ಆದರೆ ಹಾಗೆ ಒರಗಿದವಳ ಕಣ್ಣು ಚಾವಣಿಯ ಕಡೆ ಇರುತ್ತದೆ. ಆ ಭಂಗಿಯಲ್ಲಿ ಟೈಪ್ ಮಾಡಲು ಹೋದರೆ ಮತ್ತೆ ಕತ್ತು ಎದ್ದು ಮುಂದೆ ಬರುತ್ತದೆ, ಒರಗಿದ್ದೂ ದಂಡ. ಅಂದಮೇಲೆ ಬಸ್ಸು ಕಿವಿಯ ಕೆಲಸಕ್ಕೆ ಹೇಳಿಮಾಡಿಸಿದ ಜಾಗ.

ಕಿವಿಯ ಕೆಲಸ ಅನುವಾದದಲ್ಲಿ ಎಲ್ಲಿದೆ ಅಂತ ಕೇಳಬಹುದು. ಬೇಕಾದಷ್ಟಿದೆ. ಸಬ್‌ಟೈಟಲ್ ಮಾಡಬೇಕಾದ ಚಿತ್ರದ ಧ್ವನಿಯನ್ನು ನಿಲ್ಲಿಸದೆ ಒಮ್ಮೆ ಪೂರ್ತಿ ಕೇಳಿಸಿಕೊಂಡರೆ ಮಾತಿನ ಓಟ ತಲೆಗೆ ಹತ್ತುತ್ತದೆ. ಗಿರಾಕಿಗಳ ಉದ್ದುದ್ದ ವಾಯ್ಸ್ ಮೆಸೇಜುಗಳಿಗೂ ಅದೇ ಹೊತ್ತು. ಎಲ್ಲಕ್ಕಿಂತ ಉಪಯೋಗದ್ದು, ನಾನೇ ಮಾಡಿದ ಅನುವಾದವನ್ನು ಫೋನಿನಿಂದ ಓದಿಸಿ ಕೇಳುವುದು. ಆ ಯಂತ್ರದ ದನಿಗೆ ದಾಕ್ಷಿಣ್ಯ ಇಲ್ಲ. ಕಣ್ಣಲ್ಲಿ ಓದುವಾಗ ಚೆನ್ನಾಗಿಯೇ ಕಂಡ ವಾಕ್ಯ ಅದರ ಬಾಯಲ್ಲಿ ಉಸಿರುಗಟ್ಟಿ ಒದ್ದಾಡುತ್ತದೆ. ಎಲ್ಲೆಲ್ಲಿ ಎಡವಿತೋ ಅಲ್ಲಿ ಎರಡು ಶಬ್ದ ಹೇಳಿ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತೇನೆ, ತಿದ್ದುವುದು ಬೇರೆ ಜಾಗದಲ್ಲಿ. ಗೂಗಲ್ 2017ರಲ್ಲಿ ಕನ್ನಡಕ್ಕೂ ಧ್ವನಿಯಿಂದ ಟೈಪ್ ಮಾಡುವ ಸೌಲಭ್ಯ ಕೊಟ್ಟ ಮೇಲೆ ಕೆಲವು ಕರಡುಗಳನ್ನು ಬಾಯಲ್ಲೇ ಹೇಳಿ ಮುಗಿಸುವುದೂ ಉಂಟು, ಆದರೆ ಬಸ್ಸಿನಲ್ಲಿ ಅಲ್ಲ. ಪಕ್ಕದ ಸೀಟಿನವರು ನನ್ನ ಜೊತೆ ಪ್ರೆಶರ್ ಕುಕ್ಕರಿನ ಸುರಕ್ಷತಾ ಸೂಚನೆಗಳನ್ನು ಯಾಕೆ ಕೇಳಬೇಕು?

ಸ್ಲೀಪರ್ ಬಸ್ಸಿನಲ್ಲಿ ಕಿವಿಯ ಕೆಲಸವೂ ಬೇಡ, ಮಲಗಿ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಅನ್ನುವುದು ಆ ಬರ್ತಿನಲ್ಲಿ ನಿಜಕ್ಕೂ ಅನುಭವಕ್ಕೆ ಬರುವ ಮಾತು. ಅಂಗಾತ ಮಲಗಿ ಮುಖದ ಮೇಲೆ ಫೋನು ಹಿಡಿದವರ ಮೂಗಿಗೆ ಹುಬ್ಬಳ್ಳಿ ಬರುವಷ್ಟರಲ್ಲಿ ಒಮ್ಮೆಯಾದರೂ ಪೆಟ್ಟು ಬೀಳುತ್ತದೆ.

ಘಾಟಿಯ ವಿಷಯಕ್ಕೆ ಬಂದರೆ ಚರ್ಚೆಯೇ ಇಲ್ಲ. ಸಾಗರದಿಂದ ತೀರ್ಥಹಳ್ಳಿಗೆ ಹೋಗಿ, ಅಲ್ಲಿಂದ ಉಡುಪಿಯ ಬಸ್ಸು ಹಿಡಿದರೆ ಆಗುಂಬೆ ಇಳಿಯಬೇಕು, 14 ಹೇರ್‌ಪಿನ್ ತಿರುವು. ಒಳಕಿವಿ ‘ತಿರುಗುತ್ತಿದ್ದೇವೆ’ ಅನ್ನುತ್ತದೆ, ಪರದೆಗೆ ಅಂಟಿದ ಕಣ್ಣು ‘ಇಲ್ಲೇ ಇದ್ದೇವೆ’ ಅನ್ನುತ್ತದೆ. ಎರಡರ ಜಗಳದಲ್ಲಿ ಹೊಟ್ಟೆ ತೊಳೆಸುತ್ತದೆ. ಒಮ್ಮೆ ನನ್ನ ತೊಡೆಯ ಮೇಲೆ ಲ್ಯಾಪ್‌ಟಾಪ್ ನೋಡಿದ ಕಂಡಕ್ಟರ್, ಟಿಕೆಟ್ಟನ್ನೂ ಕೇಳದೆ ಮೊದಲು ಹೇಳಿದ್ದು ಇದು:

“ಅಕ್ಕಾ, ಅದನ್ನು ಒಳಗೆ ಇಡಿ. ಆಗುಂಬೆ ಗೇಟ್ ಬಂತು. ಹೊರಗೆ ನೋಡಿ, ಇಲ್ಲಾಂದ್ರೆ ವಾಂತಿ ಆಗ್ತದೆ.”

“ಒಂದೇ ಸಾಲು ಬಾಕಿ ಇದೆ.”

“ಎಲ್ರೂ ಹಾಗೇ ಹೇಳೂದು. ಆಮೇಲೆ ನಂಗೆ ಬಸ್ಸು ತೊಳೀಲಿಕ್ಕೆ ಬಾಕಿ.”

ಇಷ್ಟು ಸ್ಪಷ್ಟವಾದ ವೈದ್ಯಕೀಯ ಸಲಹೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ರೈಲು ಇವೆಲ್ಲಕ್ಕಿಂತ ಮೇಲು. ಸೀಟು ಮೆತ್ತಗಿದೆ ಅನ್ನುವ ಕಾರಣಕ್ಕಲ್ಲ, ಎಷ್ಟೋ ಸಲ ಮೆತ್ತಗಿರುವುದೂ ಇಲ್ಲ. ಎದ್ದು ಓಡಾಡಬಹುದು, ಅದಕ್ಕೆ. ಕೂತಲ್ಲೇ ಕೂರುವುದರ ಅಪಾಯ ಬೆನ್ನಿಗಿಂತ ಕಾಲಿಗೆ ಹೆಚ್ಚು. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಜನ ರಾತ್ರಿಯಿಡೀ ನೆಲಮಾಳಿಗೆಗಳಲ್ಲಿ ಕ್ಯಾನ್ವಾಸಿನ ಆರಾಮಕುರ್ಚಿಗಳ ಮೇಲೆ ಕೂತು ಕಳೆಯುತ್ತಿದ್ದರು. ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಸಿಕ್ಕಿಕೊಂಡು ಸಾಯುವವರು ಹೆಚ್ಚಾದದ್ದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯರು 1940ರಲ್ಲಿ ಗಮನಿಸಿ ಬರೆದರು. ಕುರ್ಚಿಯ ಅಡ್ಡಪಟ್ಟಿ ತೊಡೆಯ ಅಡಿ ಒತ್ತಿ ರಕ್ತ ಕಾಲಿನಲ್ಲೇ ನಿಂತು ಹೆಪ್ಪುಗಟ್ಟುತ್ತಿತ್ತು. ಸೀಟಿನ ಅಂಚು ತೊಡೆಗೆ ಒತ್ತುವ ನನ್ನ ತಕರಾರನ್ನು ಹಗುರವಾಗಿ ತಗೊಳ್ಳಬೇಡಿ ಅಂತ ಇದನ್ನು ಹೇಳಿದೆ.

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದ್ದು: ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಕೂತು ಪ್ರಯಾಣ ಮಾಡಿದರೆ ಹೀಗೆ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆ. ವಿಮಾನ ಮಾತ್ರವಲ್ಲ, ಬಸ್ಸು, ಕಾರು, ರೈಲು ಎಲ್ಲಕ್ಕೂ ಅನ್ವಯ. ಹೆದರುವಷ್ಟಿಲ್ಲ, ಆರೋಗ್ಯವಂತರಲ್ಲಿ 6000 ಮಂದಿಗೆ ಒಬ್ಬರು ಅನ್ನುವ ಲೆಕ್ಕ. ಆದರೆ ಹೆರಿಗೆಯಾಗಿ ಹೆಚ್ಚು ದಿನವಾಗದವರು, ಆಪರೇಷನ್ ಆದವರು, ಮೊದಲೊಮ್ಮೆ ಹೀಗೆ ಹೆಪ್ಪುಗಟ್ಟಿದವರು ಡಾಕ್ಟರನ್ನು ಕೇಳಿಯೇ ಹೊರಡಬೇಕು. ಮಿಕ್ಕವರು ಮೀನಖಂಡಕ್ಕೆ ಕೆಲಸ ಕೊಟ್ಟರೆ ಸಾಕು. ಅದು ಹಿಂಡಿದಾಗಲೆಲ್ಲ ರಕ್ತ ಮೇಲಕ್ಕೆ ಹೋಗುತ್ತದೆ. ಬಸ್ಸಿನಲ್ಲಾದರೆ ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸುವುದು. ರೈಲಿನಲ್ಲಿ ಅರಸೀಕೆರೆ ಬಂತು ಅಂತ ಎದ್ದು ಬಾಗಿಲವರೆಗೆ ಹೋದರೆ ಆಯಿತು. ಕಾಫಿಯ ನೆಪ ಇರುತ್ತದೆ. ಬೀರೂರಿನಲ್ಲಿ ಇನ್ನೊಮ್ಮೆ, ಅಲ್ಲಿಗೆ ನೆಪವೂ ಬೇಡ.

ರೈಲಿನಲ್ಲಿ ನನಗೆ ಓದುವ, ತಿದ್ದುವ ಕೆಲಸ. ಎರಡು ಕೀಲಿ ಒತ್ತುವುದು, ಹತ್ತು ಸಾಲು ಓದುವುದು. ಕುರ್ಚಿ ಬೋಗಿಯಲ್ಲಿ ಮುಂದಿನ ಸೀಟಿನ ಬೆನ್ನಿಗಿರುವ ಹಲಗೆ ನನ್ನ ಮೊಣಕೈಗಿಂತ ಎತ್ತರ. ಅದರ ಮೇಲೆ ದೊಡ್ಡ ಅನುವಾದ ಹಿಡಿದು ಕೂತರೆ ಭುಜ ಕಿವಿಗೆ ಬಂದು ಕೂರುತ್ತದೆ, ಆದರೆ ಓದುವುದಕ್ಕೆ ಆ ಎತ್ತರವೇ ವರ. ಮುಂದಿನವರು ಸೀಟು ಬಾಗಿಸಿದಾಗ ಪರದೆಯ ಮೇಲಂಚು ಅಲ್ಲಿ ಸಿಕ್ಕಿಕೊಳ್ಳುವುದರ ಬಗ್ಗೆ ಮಾತ್ರ ಒಂದು ಕಣ್ಣಿರಲಿ. ರಾತ್ರಿಯ ತಾಳಗುಪ್ಪ ರೈಲಿನಲ್ಲಾದರೆ ನನ್ನ ಆಯ್ಕೆ ಸೈಡ್ ಲೋಯರ್. ಗೋಡೆಗೆ ಬೆನ್ನು ಕೊಟ್ಟು, ಕಾಲು ನೀಡಿ, ಮಂಡಿ ಮಡಚಿ ಅದರ ಮೇಲೆ ಕಾಗದದ ಪ್ರತಿ ಇಟ್ಟುಕೊಂಡು ಮಲಗುವವರೆಗೆ ತಿದ್ದಬಹುದು. ಕಾಗದವೇ ಬೇಕು ಅಂತ ಹಠ ನನಗೆ. ಪ್ರಿಂಟ್ ತೆಗೆದ ನಾಲ್ಕು ಹಾಳೆ, ಒಂದು ಪೆನ್ನು. ಇದಕ್ಕಿಂತ ಹಗುರವಾದ ಉಪಕರಣ ಇನ್ನೂ ಬಂದಿಲ್ಲ. ಒಂದೇ ಬರ್ತನ್ನು ಇಬ್ಬರಿಗೆ ಹಂಚುವ ಆರ್‌ಎಸಿ ಟಿಕೆಟ್ಟಾಗಿ ಎದುರಿಗೆ ಇನ್ನೊಬ್ಬರು ಕೂತಿದ್ದರೆ ಆ ಕಥೆಯೇ ಬೇರೆ.

ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದು ಕಡಿಮೆಯಾಗುತ್ತದೆ, ಅದರ ಮೇಲೆ ಎಸಿ ಗಾಳಿ. ಕಣ್ಣಿನ ಡಾಕ್ಟರರು ಹೇಳುವ 20-20-20ರ ಸೂತ್ರ ಬಹಳ ಜನಕ್ಕೆ ಗೊತ್ತು: 20 ನಿಮಿಷಕ್ಕೊಮ್ಮೆ 20 ಅಡಿ ಆಚೆಗಿನದನ್ನು 20 ಸೆಕೆಂಡು ನೋಡುವುದು. ಬೆಂಗಳೂರಿನ ನನ್ನ ಕೋಣೆಯಲ್ಲಿ 20 ಅಡಿ ಎಲ್ಲಿಂದ ತರಲಿ, ಎದುರು ಮನೆಯವರ ಅಡುಗೆಮನೆಯೇ ಅದಕ್ಕಿಂತ ಹತ್ತಿರ. ರೈಲಿನ ಕಿಟಕಿಯಲ್ಲಿ ಇದು ಪುಕ್ಕಟೆ. ಕಡೂರಿನ ಕಡೆ ತೆಂಗು, ತರೀಕೆರೆ ದಾಟಿದ ಮೇಲೆ ಅಡಿಕೆ. ಕುಂಸಿ, ಅರಸಾಳು ಬರುವ ಹೊತ್ತಿಗೆ ಕಾಡು ಕಿಟಕಿಗೇ ಬರುತ್ತದೆ, ನೆಟ್‌ವರ್ಕ್ ಹೋಗುತ್ತದೆ. ಅಲ್ಲಿಗೆ ಲ್ಯಾಪ್‌ಟಾಪ್ ಬ್ಯಾಗಿಗೆ.

ಹೆಂಗಸರ ಪ್ರಯಾಣದಲ್ಲಿ ಇನ್ನೊಂದು ಸಂಗತಿ ಇದೆ, ಕುರ್ಚಿ ದಿಂಬಿನ ಸಲಹೆಗಾರರು ಅದರ ಹೆಸರೆತ್ತುವುದಿಲ್ಲ. ಬಸ್ಸಿನಲ್ಲಿ ನಾವು ನೀರು ಕುಡಿಯುವುದಿಲ್ಲ. ಎಲ್ಲಿ ನಿಲ್ಲಿಸುತ್ತಾರೋ, ನಿಲ್ಲಿಸಿದಲ್ಲಿ ಶೌಚಾಲಯ ಹೇಗಿದೆಯೋ ಎಂಬ ಲೆಕ್ಕದಲ್ಲಿ ಮಧ್ಯಾಹ್ನದಿಂದಲೇ ಗಂಟಲು ಒಣಗಿಸಿಕೊಂಡು ಹತ್ತುತ್ತೇವೆ. ಇಳಿಯುವಾಗಿನ ತಲೆನೋವಿಗೆ ಸೀಟನ್ನು ಬೈಯುತ್ತೇವೆ. ರೈಲನ್ನು ನಾನು ಇಷ್ಟು ಹೊಗಳುವುದರ ಹಿಂದೆ, ಬೋಗಿಯ ಕೊನೆಯಲ್ಲಿ ಒಂದು ಬಾಗಿಲು ಇದೆ ಅನ್ನುವ ಕಾರಣವೂ ಇದೆ. ಅದು ಸ್ವಚ್ಛವಾಗಿದೆಯೇ ಎಂಬುದು ಆಮೇಲಿನ ಪ್ರಶ್ನೆ. ಯಾವ ಹೆದ್ದಾರಿ ಹೋಟೆಲಿನಲ್ಲಿ ಬಸ್ಸು ನಿಲ್ಲುತ್ತದೆ ಅಂತ ಹತ್ತುವಾಗಲೇ ಡ್ರೈವರನ್ನು ಕೇಳಿಬಿಡುತ್ತೇನೆ, ಉತ್ತರ ನೋಡಿ ನೀರು.

ಊರಿನ ಮನೆಯಲ್ಲಿ ಮೇಜೂ ಇಲ್ಲ, ಆಫೀಸ್ ಕುರ್ಚಿಯೂ ಇಲ್ಲ. ಜಗಲಿ ಇದೆ, ಮಣೆ ಇದೆ. ಅಟ್ಟದಿಂದ ಇಳಿಸಿದ ವ್ಯಾಸಪೀಠವೊಂದಿದೆ. ಒಂದೇ ಹಲಗೆಯಲ್ಲಿ ಕೊರೆದ, ಬಿಡಿಸಿದರೆ ಎರಡು ರೆಕ್ಕೆ ತೆರೆದು ಗ್ರಂಥವನ್ನು ಕಣ್ಣಿನ ಕಡೆ ಎತ್ತಿ ಹಿಡಿಯುವ, ಮಡಚಿದರೆ ಮತ್ತೆ ಒಂದೇ ಹಲಗೆಯಾಗುವ ಸಾಧನ. ಮಡಚುವ ಲ್ಯಾಪ್‌ಟಾಪ್ ಸ್ಟ್ಯಾಂಡು ಅಂತ ಈಗ ಮಾರುವುದೂ ಇದೇ ಯುಕ್ತಿ. ಪಾರಾಯಣ ಮಾಡುವವರು ಗಂಟೆಗಟ್ಟಲೆ ತಲೆ ಬಗ್ಗಿಸದೆ ಓದಲು ಇದನ್ನು ಮಾಡಿಕೊಂಡಿದ್ದರು. ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು, ಬೇರೆ ಕೀಲಿಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಚಕ್ಕಲಮಕ್ಕಲ ಕೂತರೆ ಕತ್ತಿಗೂ ಕೈಗೂ ಏಕಕಾಲಕ್ಕೆ ನೆಮ್ಮದಿ. ಅಮ್ಮನಿಗೆ ಮಾತ್ರ ಸಮಾಧಾನವಿಲ್ಲ. “ಭಾಗವತ ಇಡೋ ಜಾಗದಲ್ಲಿ ಫ್ರಿಜ್ಜಿನ ಪುಸ್ತಕವಾ?” ಅಂತ ಕೇಳಿದರು. ಕೆಳಗೆ ಬಟ್ಟೆ ಹಾಸಿಕೊಂಡಿದ್ದೇನೆ.

ನೆಲದ ಮೇಲೆ ಕೂರುವುದರ ಗುಣ ಇರುವುದು ಅದರ ತೊಂದರೆಯಲ್ಲೇ. ಸ್ವಲ್ಪ ಹೊತ್ತಿಗೆ ಕಾಲು ನೋಯುತ್ತದೆ, ಹಾಗಾಗಿ ಮಗ್ಗುಲು ಬದಲಿಸಲೇಬೇಕು. ಅಡಿಕೆ ಸುಗ್ಗಿಯಲ್ಲಿ ನಮ್ಮ ಅಂಗಳದಲ್ಲಿ ಸುಲಿಯಲು ಕೂರುವ ಹೆಂಗಸರನ್ನು ನೋಡಬೇಕು. ಮಣೆಯ ಮೇಲೆ ಮಡಚಿದ ಗೋಣಿಚೀಲ, ಮೆಟ್ಟುಗತ್ತಿಯ ಹಲಗೆಯನ್ನು ಒಂದು ಕಾಲಿನಿಂದ ಒತ್ತಿ ಹಿಡಿದು, ಇನ್ನೊಂದನ್ನು ನೀಡಿ ಕೂರುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಕಾಲು ಅದಲುಬದಲು. ಸುಲಿದದ್ದು ಒಂದು ಬದಿಗೆ, ಸಿಪ್ಪೆ ಇನ್ನೊಂದು ಬದಿಗೆ, ಹಸಿ ಅಡಿಕೆಯ ರಾಶಿ ಕೈ ಚಾಚದೆ ಸಿಗುವ ಹತ್ತಿರದಲ್ಲಿ. ರಾಶಿ ದೂರವಾದರೆ ತಾವು ಬಗ್ಗುವುದಿಲ್ಲ, ಮಕ್ಕಳನ್ನು ಕರೆದು ರಾಶಿಯನ್ನು ಹತ್ತಿರ ತಳ್ಳಿಸುತ್ತಾರೆ. ಎಲೆಯಡಿಕೆಯ ಕವಳ ಹಾಕಲು ಎದ್ದರೆ ಅಂಗಳದ ತುದಿಯವರೆಗೆ ಹೋಗಿ ಉಗಿದು ಬರುತ್ತಾರೆ, ಅಷ್ಟು ನಡಿಗೆ ಆಯಿತು. ಎಷ್ಟು ಸುಲಿದರೆ ಅಷ್ಟು ಕೂಲಿ, ಮೈ ಕೆಟ್ಟರೆ ದುಡಿಮೆಯೂ ಇಲ್ಲ. ಆ ಹುಷಾರಿ ಅದರಿಂದ ಬಂದದ್ದು.

ಉಳಿದದ್ದು ಲಾಡ್ಜು. ಒತ್ತಿ ಟೈಪ್ ಮಾಡುವ ಕೆಲಸವೆಲ್ಲ ನಾನು ಕೂಡಿಡುವುದು ಅಲ್ಲಿಗೆ, ಯಾಕೆಂದರೆ ಅಲ್ಲಿ ನೆಲ ಅಲುಗುವುದಿಲ್ಲ. ರೂಮು ಕೇಳುವಾಗ ‘ಟೇಬಲ್ ಇದೆಯಾ?’ ಅಂತ ಕೇಳಿದರೆ ‘ಟಿವಿ ಇದೆ ಮೇಡಂ’ ಅನ್ನುವ ಉತ್ತರ ಬರುತ್ತದೆ. ಟೀಪಾಯಿ ಇರುತ್ತದೆ, ಮಂಡಿಯ ಎತ್ತರಕ್ಕೆ. ಊಟದ ಹಾಲಿನಿಂದ ಒಂದು ಕುರ್ಚಿ, ಅಡುಗೆಮನೆಯಿಂದ ಒಂದು ಪ್ಲಾಸ್ಟಿಕ್ ಸ್ಟೂಲು ಕೇಳಿದರೆ ರೂಮ್ ಬಾಯ್ ತಂದುಕೊಡುತ್ತಾನೆ, ಸಂಕೋಚ ಬೇಡ. ದೊಡ್ಡ ಹೋಟೆಲಾದರೆ ಇಸ್ತ್ರಿ ಮಾಡುವ ಹಲಗೆ ತರಿಸಿಕೊಳ್ಳಿ. ಅದರ ಎತ್ತರ ಏರಿಳಿಸಬಹುದು, ನಿಂತು ಕೆಲಸ ಮಾಡುವುದಕ್ಕೆ ಅದಕ್ಕಿಂತ ಒಳ್ಳೆಯ ಮೇಜಿಲ್ಲ. ಹಾಸಿಗೆ ಮೇಲೆ ದಿಂಬಿಟ್ಟು ಅದರ ಮೇಲೆ ಲ್ಯಾಪ್‌ಟಾಪ್ ಮಾತ್ರ ಬೇಡ, ಅಡಿಯ ಗಾಳಿಕಿಂಡಿ ಮುಚ್ಚಿ ಯಂತ್ರ ಕಾಯುತ್ತದೆ.

ನಾನು ಹೊರುವುದು ಎರಡೇ ಹೆಚ್ಚಿನ ಸಾಮಾನು: ಒಂದು ಮಡಚುವ ಸ್ಟ್ಯಾಂಡು, ಒಂದು ಕೀಲಿಮಣೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ, ಮೊಣಕೈ ಪಕ್ಕೆಯ ಹತ್ತಿರ, ಮಣಿಕಟ್ಟು ಮೇಲೂ ಕೆಳಗೂ ಬಾಗದೆ ನೇರ. ಕೀಲಿಮಣೆಯ ವಿಷಯದಲ್ಲಿ ಕನ್ನಡ ಟೈಪ್ ಮಾಡುವವರು ಬೇರೆಯವರ ಸಲಹೆ ಕೇಳಬಾರದು. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ‘ನುಡಿ’ ತಂತ್ರಾಂಶದಲ್ಲಿ ಬಳಸುವ ಕೀಲಿಕ್ರಮದಲ್ಲಿ ಒತ್ತಕ್ಷರಕ್ಕೆಲ್ಲ ಎಫ್ ಕೀ ಬೇಕು. ದೀರ್ಘಕ್ಕೆ, ಮಹಾಪ್ರಾಣಕ್ಕೆ, ಅನುಸ್ವಾರಕ್ಕೆ ಶಿಫ್ಟ್ ಬೇಕು. ‘ಸ್ವಾತಂತ್ರ್ಯ’ ಅಂತ ಒಮ್ಮೆ ಹೊಡೆಯಿರಿ: 11 ಕೀಲಿ, ಅದರಲ್ಲಿ ಎಫ್ 3 ಸಲ, ಶಿಫ್ಟ್ 2 ಸಲ. ಆ ದೀರ್ಘದ ಎ ಕೀ ಎಡಗೈ ಕಿರುಬೆರಳಿನದ್ದು, ಆದ್ದರಿಂದ ಶಿಫ್ಟನ್ನು ಬಲಗೈ ಕಿರುಬೆರಳು ಒತ್ತಬೇಕು. ಪ್ರಯಾಣಕ್ಕೆಂದೇ ಮಾಡಿದ ಪುಟಾಣಿ ಕೀಲಿಮಣೆಗಳಲ್ಲಿ ಮೊದಲು ಕತ್ತರಿ ಬೀಳುವುದೇ ಬಲಗಡೆಯ ಶಿಫ್ಟಿಗೆ. ಕೆಲವದರಲ್ಲಿ ಅದು ಹೆಸರಿಗಷ್ಟೆ ಇರುತ್ತದೆ, ಬಾಣದ ಕೀಲಿಯ ಆಚೆ. ಆಗ ಎಡಗೈಯೇ ಎರಡನ್ನೂ ಮಾಡಲು ಹೋಗಿ ಕಿರುಬೆರಳಿನಿಂದ ಮೊಣಕೈವರೆಗೆ ಸೆಳೆತ. ಇಂಗ್ಲಿಷಿನಲ್ಲಿ ಟೈಪ್ ಮಾಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ಅವರಿಗೆ ಶಿಫ್ಟ್ ಬೇಕಾಗುವುದು ವಾಕ್ಯಕ್ಕೊಂದೆರಡು ಸಲ. ಅಂಗಡಿಗೆ ಹೋಗಿ ‘ಸ್ವಾತಂತ್ರ್ಯ’ವನ್ನು ಹತ್ತು ಸಲ ಹೊಡೆದು ನೋಡಿ ಕೊಂಡುಕೊಳ್ಳಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ಅಷ್ಟೆ.

ಇನ್ನೂ ಏನೇನೋ ಹೊರಬಹುದು, ಆದರೆ ಹೊರುವುದೂ ಬೆನ್ನೇ. 2020ರ ಶಾಲಾ ಬ್ಯಾಗ್ ನೀತಿಯಲ್ಲಿ ಮಕ್ಕಳ ಬ್ಯಾಗು ಅವರ ತೂಕದ ಶೇ. 10 ಮೀರಬಾರದು ಅಂತ ಇದೆ. ದೊಡ್ಡವರಿಗೆ ಅಂಥ ನೀತಿ ಯಾರೂ ಮಾಡಿಲ್ಲ. ಲ್ಯಾಪ್‌ಟಾಪು, ಚಾರ್ಜರು, ಪವರ್ ಬ್ಯಾಂಕು, ನೀರಿನ ಬಾಟಲಿ, ಅಮ್ಮ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಸೇರಿದರೆ ನನ್ನ ಶೇ. 10 ಸಾಗರದ ಸ್ಟೇಷನ್ನಿನಲ್ಲೇ ಮುಗಿದಿರುತ್ತದೆ. ಭರಣಿ ಬಿಡಲಾಗುವುದಿಲ್ಲ. ಜೆಲ್ ಕುಶನ್ನು ಬಿಡಬಹುದು.

ಇಷ್ಟೆಲ್ಲ ಹೊಂದಿಸಿಕೊಂಡರೂ ಕೊನೆಗೆ ಅಡ್ಡ ಬರುವುದು ಸೀಟಲ್ಲ, ಗಿರಾಕಿ. ಮೊದಲೆಲ್ಲ ‘ಪ್ರಯಾಣದಲ್ಲಿದ್ದೇನೆ’ ಅಂದರೆ ಮಾತು ಅಲ್ಲಿಗೆ ನಿಲ್ಲುತ್ತಿತ್ತು. ಈಗ ‘ಹೌದಾ, ಹಾಗಾದ್ರೆ ಬಸ್ಸಲ್ಲೇ ಒಂಚೂರು ನೋಡಿ ಕಳಿಸಿಬಿಡಿ’ ಅನ್ನುತ್ತಾರೆ. ಅವರ ತಪ್ಪಲ್ಲ, ಎಲ್ಲಿ ಬೇಕಾದರೂ ಕೆಲಸ ಮಾಡಬಹುದು ಅಂತ ಜಾಹೀರಾತು ಹೇಳುತ್ತದೆ, ಅವರು ನಂಬಿದ್ದಾರೆ. ಅದಕ್ಕೆ ನಾನೀಗ ಹೊರಡುವ ದಿನ ಬೆಳಿಗ್ಗೆಯೇ ಒಂದು ಸಂದೇಶ ಹಾಕಿಬಿಡುತ್ತೇನೆ, ಬಸ್ಸಿನ ವೇಳಾಪಟ್ಟಿಯ ಧಾಟಿಯಲ್ಲಿ: ‘ಇಂದು ರಾತ್ರಿ ಬಸ್ಸು. ಕೇಳುವಂಥದ್ದೇನಾದರೂ ಇದ್ದರೆ ಕಳಿಸಿ. ನಾಳೆ ಮಧ್ಯಾಹ್ನ ರೈಲು, ತಿದ್ದುಪಡಿ ನೋಡಬಲ್ಲೆ. ಹೊಸ ಫೈಲು, ಎಕ್ಸೆಲ್ಲು ನಾಡಿದ್ದು ಬೆಳಿಗ್ಗೆ 11ರ ಮೇಲೆ.’

ಮೊದಲ ಸಲ ಕಳಿಸಿದಾಗ ಅರ್ಧ ಗಂಟೆ ಉತ್ತರ ಬರಲಿಲ್ಲ. ಮುನಿಸಿಕೊಂಡರೇನೋ ಅಂದುಕೊಂಡೆ. ಆಮೇಲೆ ಬಂತು: ‘ಆಯ್ತು ಮೇಡಂ. ಎಕ್ಸೆಲ್ ಅರ್ಜೆಂಟ್ ಏನಿಲ್ಲ, ಸೋಮವಾರ ಕೊಟ್ಟರೂ ನಡೆಯುತ್ತೆ.’